ಕೆರೆಯೂ ಕೆರೆಯ ಕೆಳಗಿನ ಹೊಲವೂ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಿಂದ ಕಡಲು ನೂರಾರು ಕಿಲೋಮೀಟರು ದೂರವಿದೆ, ಆದರೂ ಊರಿನ ಹೆಸರಿನಲ್ಲಿ ಸಮುದ್ರವಿದೆ. ಕನ್ನಡ ಮತ್ತು ತೆಲುಗು ಸೀಮೆಗಳ ಸ್ಥಳನಾಮಗಳಲ್ಲಿ ಬರುವ ‘ಸಮುದ್ರ’, ‘ಸಾಗರ’ ಎಂಬ ಉತ್ತರಪದಗಳು ಹೆಚ್ಚಿನ ಕಡೆ ಸೂಚಿಸುವುದು ಮಳೆಯ ನೀರಿಗೆ ಅಡ್ಡಲಾಗಿ ಏರಿ ಹಾಕಿ ನಿಲ್ಲಿಸಿದ ದೊಡ್ಡ ಕೆರೆಯನ್ನು. ಅನಂತಪುರದ ಹೆಸರಿಗೆ ಕಾರಣವಾದ ಅನಂತಸಾಗರ, ಅದರ ಪಕ್ಕದ ಬುಕ್ಕರಾಯಸಮುದ್ರ ಇವೇ ಮುಂತಾದವು ಈ ರೂಢಿಗೆ ನಿದರ್ಶನಗಳಾಗಿ ಇಂದಿಗೂ ಉಳಿದಿವೆ. ಮಳೆ ಕಡಿಮೆಯಾದ ಸೀಮೆಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರವೆಂದರೆ ನೀರು ನಿಲ್ಲಿಸಿ ಕೊಡುವುದೇ ಎಂದು ನಂಬಿದ್ದ ಹಿಂದಿನವರು ‘ಸಪ್ತಸಂತಾನ’ ಎಂಬ ಕಲ್ಪನೆಯಲ್ಲಿ, ಎಂದರೆ ಮನುಷ್ಯ ಸತ್ತ ಮೇಲೆಯೂ ಅವನ ಹೆಸರನ್ನು ಉಳಿಸುವ ಏಳು ವಸ್ತುಗಳ ಪಟ್ಟಿಯಲ್ಲಿ, ಹೊಟ್ಟೆಯಲ್ಲಿ ಹುಟ್ಟಿದ ಮಗನ ಜೊತೆಗೆ ಕೆರೆಯನ್ನೂ ಸೇರಿಸಿದ್ದರು.

ಕೆರೆ ಕಟ್ಟಿಸುವುದು ಪುಣ್ಯದ ಕೆಲಸವೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಆ ಪುಣ್ಯವನ್ನು ಹಿಂದಿನವರು ಎಂಥ ಲೆಕ್ಕದ ಮೇಲೆ ನಿಲ್ಲಿಸಿದ್ದರು ಎಂಬುದು ಅಷ್ಟಾಗಿ ತಿಳಿದಿಲ್ಲ. ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆಯನ್ನು ಕಟ್ಟಿಸಿದವನಿಗೆ ಅಥವಾ ಅದನ್ನು ನೋಡಿಕೊಳ್ಳುವವನಿಗೆ ಆ ಕೆರೆಯ ನೀರಿನಿಂದಲೇ ಬೆಳೆಯುವ ಗದ್ದೆಯ ಒಂದು ಭಾಗವನ್ನು ತೆರಿಗೆಯಿಲ್ಲದೆಯೋ ಕಡಿಮೆ ತೆರಿಗೆಯಲ್ಲಿಯೋ ಬಿಟ್ಟುಕೊಡುವ ಏರ್ಪಾಡಿಗೆ ಈ ಹೆಸರುಗಳು ಸಲ್ಲುತ್ತಿದ್ದವು. ಆ ಗದ್ದೆಯ ಆದಾಯ ಬರುವುದು ಕೆರೆಯಲ್ಲಿ ನೀರಿದ್ದರೆ ಮಾತ್ರ, ಕೆರೆಯಲ್ಲಿ ನೀರಿರುವುದು ಏರಿ ಗಟ್ಟಿಯಾಗಿದ್ದರೆ ಮಾತ್ರ. ಆದ್ದರಿಂದ ಏರಿಯನ್ನು ದುರಸ್ತಿ ಮಾಡಿಸುವುದು, ಹೂಳು ತೆಗೆಸುವುದು, ತೂಬನ್ನು ಕಾಯುವುದು ಆ ಮನೆತನಕ್ಕೆ ಧರ್ಮವೂ ಆಗಿತ್ತು, ಅನ್ನವೂ ಆಗಿತ್ತು. ಕೊಡುವವನ ಒಳ್ಳೆಯತನವೊಂದನ್ನೇ ನೆಚ್ಚಿಕೊಳ್ಳದೆ, ಕೊಟ್ಟದ್ದು ನಾಳೆಯೂ ನಡೆಯುವಂತೆ ಅದರ ಖರ್ಚಿನ ಮೂಲವನ್ನು ಕೊಡುಗೆಯ ಒಳಗೇ ಇಟ್ಟ ಈ ಬುದ್ಧಿಯನ್ನು ಇಂದಿನ ಯುವಜನರ ಮುಂದೆ ಮತ್ತೆ ತಂದಿಡಬೇಕಾಗಿದೆ. ಉದ್ಯಮ ಮತ್ತು ದಾನ ಎಂಬ ಎರಡು ಮಾತುಗಳನ್ನು ಬೇರೆಬೇರೆ ಕಪಾಟಿನಲ್ಲಿ ಇಟ್ಟು ನೋಡುವ ಅಭ್ಯಾಸ ಬಂದಿರುವುದು ಈಚೆಗೆ. ಕೆರೆಯ ಕಾಲದಲ್ಲಿ ಅವೆರಡೂ ಹಾಸುಹೊಕ್ಕಾಗಿದ್ದವು.

‘ಹಾಸುಹೊಕ್ಕು’ ಎಂಬುದು ಮಗ್ಗದ ಮಾತು. ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯಲ್ಲಿ ಕೂತು ಅಡ್ಡಡ್ಡಲಾಗಿ ಹಾಯುವ ನೂಲು ಹೊಕ್ಕು. ಒಂದನ್ನು ಬಿಟ್ಟರೆ ಇನ್ನೊಂದು ಬಟ್ಟೆಯಾಗದೆ ಬರಿಯ ನೂಲಾಗಿಯೇ ಉಳಿಯುತ್ತದೆ. ಆದ್ಯ ವಚನಕಾರನೆಂದು ಹೆಸರಾದ ಜೇಡರ ದಾಸಿಮಯ್ಯ ಸುರಪುರ ಸೀಮೆಯ ಮುದನೂರಿನವನು, ಮತ್ತು ‘ಜೇಡ’ ಎಂದರೆ ನೇಯುವವನು. ಅವನ ವಚನಗಳ ಅಂಕಿತವಾದ ರಾಮನಾಥ ಆ ಊರಿನ ದೇವರು. ಬಸವಣ್ಣನವರಿಗಿಂತ ಹಿಂದಿನ ಕಾಲದಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯ್ದು, ಆ ಬಟ್ಟೆಯನ್ನು ಮಾರಿ ಬಂದದ್ದರಲ್ಲಿ ಮಡದಿ ದುಗ್ಗಳೆಯೊಡನೆ ಮನೆ ನಡೆಸಿ, ಉಳಿದದ್ದನ್ನು ಜಂಗಮರಿಗೂ ಹಸಿದವರಿಗೂ ಬಡಿಸಿದವನೆಂದು ಪುರಾಣಗಳು ಅವನನ್ನು ಚಿತ್ರಿಸುತ್ತವೆ. ಎಷ್ಟು ಬಡಿಸಿದರೂ ಬರಿದಾಗದ ‘ತವನಿಧಿ’, ಎಂದರೆ ಬತ್ತದ ಭಂಡಾರ, ಅವನಿಗೆ ಶಿವನಿಂದ ದೊರಕಿತೆಂಬ ಕತೆಯೂ ಇದೆ. ಕತೆಯ ಪವಾಡವನ್ನು ಬದಿಗಿಟ್ಟು ನೋಡಿದರೂ ಅದರ ತಿರುಳು ಉಳಿಯುತ್ತದೆ: ಮಗ್ಗ ಆಡುತ್ತಿರುವ ತನಕ ಕಣಜ ಪೂರ್ತಿ ಬರಿದಾಗುವುದಿಲ್ಲ, ಆದ್ದರಿಂದ ದಾನ ಮಾಡಿ ಬರಿಗೈಯಾದವನ ಕತೆಗಿಂತ ದಾನ ಮಾಡಿಯೂ ನಾಳೆ ಮತ್ತೆ ಮಗ್ಗಕ್ಕೆ ಕೂತವನ ಕತೆ ಈ ನೆಲಕ್ಕೆ ಹೆಚ್ಚು ಹತ್ತಿರದ್ದು.

ದಾಸಿಮಯ್ಯನ ನಂತರ ಹನ್ನೆರಡನೆಯ ಶತಮಾನದ ಶರಣರು ಈ ಬದುಕಿಗೆ ಎರಡು ಹೆಸರುಗಳನ್ನು ಕೊಟ್ಟರು. ‘ಕಾಯಕ’ ಎಂದರೆ ದೇಹವನ್ನು ದಂಡಿಸಿ, ಮೋಸವಿಲ್ಲದೆ, ಯಾವ ವೃತ್ತಿಯಾದರೂ ಕೀಳಲ್ಲವೆಂಬ ಭಾವದಿಂದ ಮಾಡುವ ದುಡಿಮೆ. ‘ದಾಸೋಹ’ ಎಂದರೆ ಹಾಗೆ ದುಡಿದು ಬಂದದ್ದು ತನ್ನೊಬ್ಬನದಲ್ಲವೆಂದು ತಿಳಿದು, ಕೊಡುವವನೆಂಬ ಹಮ್ಮಿಲ್ಲದೆ, ದಾಸನ ಭಾವದಿಂದ ಹಂಚುವುದು. ದಾಸೋಹವನ್ನು ಅನ್ನಛತ್ರಕ್ಕೆ ಮಾತ್ರ ಸೀಮಿತಗೊಳಿಸಿ ಅರ್ಥಮಾಡಿಕೊಳ್ಳುವುದೂ, ಭಿಕ್ಷೆಗೆ ಇನ್ನೊಂದು ಹೆಸರೆಂದು ತಿಳಿಯುವುದೂ ತಪ್ಪು. ಕಾಯಕವಿಲ್ಲದ ದಾಸೋಹವನ್ನು ಶರಣರು ಒಪ್ಪಲಿಲ್ಲ. ಕೃಷ್ಣೆಯ ಆಚೆಗಿನ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗದಲ್ಲಿ ಈ ಮಾತು ನಿಚ್ಚಳವಾಗುತ್ತದೆ. ಬಸವಣ್ಣನವರ ಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಕಂಡು, ದಿನದ ಅಳತೆಗೆ ಮೀರಿದ್ದನ್ನು ಎಲ್ಲಿಂದ ತಂದನೋ ಅಲ್ಲಿಗೇ ಸುರಿದು ಬರಲು ಹೇಳಿ ಕಳಿಸಿದಳು. ದಾಸೋಹಕ್ಕಾಗಿಯೇ ತಂದ ಅಕ್ಕಿಯಾದರೂ ಅದಕ್ಕೊಂದು ಅಳತೆ ಇರಬೇಕೆಂದು ಹೇಳಿದವಳು ಕೈಯಲ್ಲಿ ಮೊರ ಹಿಡಿದ ಬಡ ಹೆಂಗಸು ಎಂಬುದನ್ನು ಮರೆಯುವಂತಿಲ್ಲ. ಸೇವೆಯ ಹೆಸರಿನಲ್ಲಿ ಹಣ ಕೂಡಿಸುವ ಯಾವ ಸಂಸ್ಥೆಯೂ ಲಕ್ಕಮ್ಮನ ಈ ನಿಷ್ಠುರತೆಯನ್ನು ತನ್ನ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಇಟ್ಟುಕೊಳ್ಳಬೇಕು.

ಇಂದಿನ ಭಾಷೆಯಲ್ಲಿ ‘ಉದ್ಯಮ’ ಎಂಬುದಕ್ಕೆ, ಲಾಭನಷ್ಟದ ಹೊಣೆಯನ್ನು ತಾನೇ ಹೊತ್ತು ಜನರಿಗೆ ಬೇಕಾದ ವಸ್ತುವನ್ನೋ ಅನುಕೂಲವನ್ನೋ ಬಿಡದೆ ಒದಗಿಸುವ ಏರ್ಪಾಡು ಎಂಬ ಅರ್ಥ ಹೇಳಬಹುದು. ಕರ್ನಾಟಕದಲ್ಲಿ ಇಂಥ ಏರ್ಪಾಡುಗಳಲ್ಲಿ ಬಹಳಷ್ಟು ಹುಟ್ಟಿದ್ದು ಜನರ ಸಂಕಟವನ್ನು ಕಂಡೇ. 1904ರಲ್ಲಿ ಸಹಕಾರಿ ಸಾಲದ ಸಂಘಗಳ ಕಾಯಿದೆ ಬಂದ ಮರುವರ್ಷ, 1905ರ ಮೇ ತಿಂಗಳಿನಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ನೋಂದಾಯಿಸಿದರು. ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಅದು ಹೆಸರಾಯಿತು. ‘ಪತ್ತು’ ಎಂದರೆ ನಂಬಿಕೆಯ ಮೇಲೆ ದೊರೆಯುವ ಸಾಲ. ಬಿತ್ತನೆಯ ಹೊತ್ತಿಗೆ ಸಾಹುಕಾರನ ಜಗಲಿ ಹತ್ತಿ ಬೆಳೆ ಬರುವ ಮೊದಲೇ ಬೆಳೆಯನ್ನು ಒತ್ತೆ ಇಡುತ್ತಿದ್ದ ರೈತನಿಗೆ, ನೆರೆಹೊರೆಯವರೇ ಕೂಡಿಸಿದ ದುಡ್ಡಿನಲ್ಲಿ ನ್ಯಾಯವಾದ ಬಡ್ಡಿಗೆ ಸಾಲ ಸಿಗುವಂತೆ ಮಾಡಿದ್ದು ಬಿಟ್ಟಿ ಹಂಚಿದ ಧರ್ಮವಾಗಿರಲಿಲ್ಲ. ಸಾಲ ಹಿಂದಿರುಗಿದರೆ ಮಾತ್ರ ಮುಂದಿನವನಿಗೆ ಸಾಲ ಸಿಗುವಂತಿದ್ದುದರಿಂದ ಒಬ್ಬನ ಪ್ರಾಮಾಣಿಕತೆಯೇ ಇನ್ನೊಬ್ಬನಿಗೆ ದಾನವಾಗುತ್ತಿತ್ತು.

ಮಗ್ಗದ ಎಳೆ ಇಲ್ಲಿಂದ ಕರಾವಳಿಗೂ ಹಾಯುತ್ತದೆ. ಕೈಮಗ್ಗದ ನೇಕಾರರ ಬದುಕು ಕುಸಿಯುತ್ತಿದ್ದ ಕಾಲದಲ್ಲಿ ಅವರಿಗೆ ಆಸರೆಯಾಗಲೆಂದು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಕೇವಲ 8000 ರೂಪಾಯಿ ಬಂಡವಾಳದಿಂದ ತೆರೆದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಪ್ರಸಿದ್ಧವಾಯಿತು. 1928ರಲ್ಲಿ ಆ ಬ್ಯಾಂಕು ‘ಪಿಗ್ಮಿ’ ಎಂಬ ಠೇವಣಿಯನ್ನು ತಂದಿತು. ಪಿಗ್ಮಿ ಎಂದರೆ ಬಹಳ ಚಿಕ್ಕದು. ಬ್ಯಾಂಕಿನ ಏಜೆಂಟನೇ ದಿನವೂ ಮನೆಬಾಗಿಲಿಗೆ, ಅಂಗಡಿಯ ಕಟ್ಟೆಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಪಡೆದು ಚೀಟಿಯಲ್ಲಿ ಬರೆದುಕೊಡುವ ಪದ್ಧತಿ ಅದು. ತಿಂಗಳ ಸಂಬಳವೆಂಬುದನ್ನೇ ಕಾಣದ, ಸಂಜೆಗೆ ಬಂದ ದುಡ್ಡು ಸಂಜೆಗೇ ಖರ್ಚಾಗುವ ಜನರಿಗೆ ಉಳಿತಾಯ ಮಾಡಿರೆಂದು ಉಪದೇಶ ಹೇಳುವ ಬದಲು, ಅವರ ದುಡ್ಡು ಯಾವ ಹೊತ್ತಿನಲ್ಲಿ ಕೈಗೆ ಬರುತ್ತದೆ ಎಂಬುದನ್ನು ನೋಡಿ ಆ ಹೊತ್ತಿಗೆ ಬಾಗಿಲಿಗೆ ಹೋದದ್ದೇ ಅದರ ಗೆಲುವು. ಸುಮಾರು ಎಪ್ಪತ್ತು ವರ್ಷಗಳ ನಂತರ, 1995ರಲ್ಲಿ ಕರ್ನಾಟಕದಲ್ಲಿ ಕೆಲಸ ಆರಂಭಿಸಿದ ಸೆಲ್ಕೋ ಸಂಸ್ಥೆ ಬಡವರ ಮನೆಗೆ ಸೌರದೀಪ ಮುಟ್ಟಿಸಲು ಹೊರಟಾಗ ಕಲಿತದ್ದೂ ಇದನ್ನೇ. ತಿಂಗಳಿಗೆ ಮುನ್ನೂರು ರೂಪಾಯಿ ಎಂದರೆ ಹೆಚ್ಚಾಯಿತೆನ್ನುವ ಬೀದಿಬದಿಯ ವ್ಯಾಪಾರಿಗೆ ದಿನಕ್ಕೆ ಹತ್ತು ರೂಪಾಯಿ ಕೊಡುವುದು ಕಷ್ಟವಲ್ಲ ಎಂಬ ಸಂಗತಿಯನ್ನು ಅದರ ಸ್ಥಾಪಕರಲ್ಲಿ ಒಬ್ಬರಾದ ಹರೀಶ್ ಹಂದೆ ಅವರು ಅನೇಕ ಸಲ ಹೇಳಿದ್ದಾರೆ. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಿಂಗಳಿಗೆ ಮುನ್ನೂರು, ದಿನಕ್ಕೆ ಹತ್ತು: ಲೆಕ್ಕದಲ್ಲಿ ಎರಡೂ ಒಂದೇ ಮೊತ್ತ, ಬದುಕಿನಲ್ಲಿ ಅವು ಬೇರೆ ಬೇರೆ. ಈ ವ್ಯತ್ಯಾಸ ಬಡತನವನ್ನು ಹತ್ತಿರದಿಂದ ನೋಡಿದವರ ಕಣ್ಣಿಗೆ ಬೇಗ ಬೀಳುತ್ತದೆ, ಮತ್ತು ಯಾದಗಿರಿ ಸೀಮೆಯ ಯುವಜನರಿಗೆ ಹುಟ್ಟಿನಿಂದಲೇ ಬಂದಿರುವ ಬಂಡವಾಳವೂ ಅದೇ.

ಈ ಸೀಮೆಯ ಸ್ಥಿತಿಯನ್ನು ಮುಚ್ಚಿಟ್ಟು ಯುವಜನರಿಗೆ ಹುರುಪಿನ ಮಾತು ಹೇಳುವುದರಲ್ಲಿ ಅರ್ಥವಿಲ್ಲ. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ, ಎಂದರೆ ಇಂದಿನ ಕಲಬುರಗಿಯಿಂದ, ಬೇರೆಯಾಗಿ ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯ ಜನಸಂಖ್ಯೆ 2011ರ ಜನಗಣತಿಯಂತೆ ಸುಮಾರು 11.74 ಲಕ್ಷ, ಸಾಕ್ಷರತೆ ಶೇಕಡಾ 51.83, ರಾಜ್ಯದ ಎಲ್ಲ ಜಿಲ್ಲೆಗಳಲ್ಲಿ ಅತಿ ಕಡಿಮೆ. ಕೃಷ್ಣೆ ಮತ್ತು ಭೀಮೆ ಎರಡೂ ಹರಿಯುವ, ನಾರಾಯಣಪುರದ ಬಸವಸಾಗರದಿಂದ ಕಾಲುವೆ ಹೊರಡುವ ಜಿಲ್ಲೆಯಿದು. ಆದರೂ ಕಾಲುವೆಯ ನೀರು ಮುಟ್ಟದ ಊರುಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಮನೆಗೆ ಬೀಗ ಬೀಳುತ್ತದೆ. ಹಾಸಿಗೆಯ ಸುರುಳಿ, ಪಾತ್ರೆಯ ಗಂಟು, ರೊಟ್ಟಿಯ ಬುತ್ತಿ ಹಿಡಿದು ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೋಗುವ ಈ ಕಾಲಿಕ ವಲಸೆಗೆ ‘ಗುಳೆ’ ಎಂದು ಹೆಸರು. ತಂದೆತಾಯಿಯ ಜೊತೆ ಹೋದ ಮಗುವಿನ ಓದು ಅರ್ಧಕ್ಕೆ ನಿಲ್ಲುತ್ತದೆ, ಊರಿನಲ್ಲಿ ಉಳಿದ ಮಗುವನ್ನು ಮುಪ್ಪಾದ ಅಜ್ಜಿ ನೋಡಿಕೊಳ್ಳುತ್ತಾಳೆ. ಗುಳೆ ಹೋಗುವವರಿಗೆ ಹಬ್ಬದ ದಿನ ಬಟ್ಟೆ ಹಂಚುವುದು ದಾನ. ಗುಳೆ ಹೋಗದೆ ಊರಿನಲ್ಲೇ ನಾಲ್ಕು ತಿಂಗಳ ಕೂಲಿ ಸಿಗುವಂತೆ ಒಂದು ಕೆಲಸ ಹುಟ್ಟಿಸುವುದು ಅದಕ್ಕಿಂತ ದೊಡ್ಡ ದಾನ, ಅದು ಪತ್ರಿಕೆಯ ಪುಟದಲ್ಲಿ ದಾನವೆಂದು ಅಚ್ಚಾಗದಿದ್ದರೂ ಸರಿಯೆ.

ಅಂಥ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಹೊಲದಲ್ಲೇ ನಿಂತಿದೆ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ತೊಗರಿ, ಹತ್ತಿ, ಜೋಳ, ಸಜ್ಜೆ, ಶೇಂಗಾ ಬೆಳೆಯುವ ಸೀಮೆ. ನೆರೆಯ ಗುಲಬರ್ಗಾದ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು, ಎಂದರೆ ಒಂದು ನೆಲದ ಗುಣದಿಂದ ಹೆಸರಾದ ವಸ್ತುವಿಗೆ ಕಾನೂನು ಕೊಡುವ ಮಾನ್ಯತೆ, ದೊರೆತಿದೆ. ಆದರೆ ರೈತ ತೊಗರಿಯನ್ನು ಮೂಟೆ ಕಟ್ಟಿ ಅಡತಿ ಅಂಗಡಿಗೆ ಹಾಕಿ, ಆರು ತಿಂಗಳ ಮೇಲೆ ಅದೇ ತೊಗರಿಯ ಬೇಳೆಯನ್ನು ಕಿರಾಣಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತರುತ್ತಾನೆ. ಕಾಳಿಗೂ ಬೇಳೆಗೂ ನಡುವೆ ಇರುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮೊದಲು ಕಲ್ಲು, ಕಡ್ಡಿ, ಜೊಳ್ಳು ಬೇರೆ ಮಾಡಿ ಕಾಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ತೊಗರಿಯ ಸಿಪ್ಪೆ ಅಂಟಿನಿಂದ ಬೇಳೆಗೆ ಬಿಗಿದುಕೊಂಡಿರುವುದರಿಂದ ಹಳೆಯ ಪದ್ಧತಿಯಲ್ಲಿ ಕೆಮ್ಮಣ್ಣಿನ ರಾಡಿ ಹಚ್ಚಿ, ಗಿರಣಿಯ ಪದ್ಧತಿಯಲ್ಲಿ ಸಿಪ್ಪೆಗೆ ಗೀರು ಮಾಡಿ ಎಣ್ಣೆ ಸವರಿ, ಬಿಸಿಲಿನಲ್ಲಿ ಒಣಗಿಸಿ ಆ ಅಂಟನ್ನು ಸಡಿಲಿಸುತ್ತಾರೆ. ಆಮೇಲೆ ಬೀಸುಕಲ್ಲಿನಲ್ಲಿ ಅಥವಾ ಯಂತ್ರದಲ್ಲಿ ಒಡೆದರೆ ಹಳದಿ ಬೇಳೆ ಒಂದು ಕಡೆ, ಹೊಟ್ಟು ಮತ್ತು ನುಚ್ಚು ಇನ್ನೊಂದು ಕಡೆ ಬೀಳುತ್ತವೆ. ನೂರು ಕಿಲೋ ತೊಗರಿಗೆ ಸುಮಾರು ಎಪ್ಪತ್ತು ಕಿಲೋ ಬೇಳೆ ಬಂದರೆ ಕೆಲಸ ಚೆನ್ನಾಗಿ ನಡೆದಂತೆ. ಹೊಟ್ಟು ನುಚ್ಚು ದನಗಳ ಮೇವಿಗೆ ಆಗುತ್ತದೆ. ಇದರಲ್ಲಿ ಊರಿನ ಹುಡುಗರೂ ಹುಡುಗಿಯರೂ ಕಲಿಯಲಾರದ ವಿದ್ಯೆ ಯಾವುದೂ ಇಲ್ಲ. ಬಿಸಿಲಂತೂ ಈ ಸೀಮೆಯಲ್ಲಿ ಬೇಕಾದಷ್ಟಿದೆ.

ಜೋಳದ ರೊಟ್ಟಿಯ ವಿಷಯವೂ ಹಾಗೆಯೇ. ಬಡಿದು, ಬೇಯಿಸಿ, ಒಣಗಿಸಿದ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದಿರುವುದರಿಂದಲೇ ಗುಳೆಯ ಬುತ್ತಿಗೆ ಅದು ಆಧಾರವಾಯಿತು. ಈಚಿನ ವರ್ಷಗಳಲ್ಲಿ ನೆರೆಯ ಜಿಲ್ಲೆಯ ಮಹಿಳಾ ಗುಂಪುಗಳು ಜಿಲ್ಲಾಡಳಿತದ ಬೆಂಬಲದಿಂದ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಅದನ್ನು ದೂರದ ಊರುಗಳಿಗೆ ಮಾರುತ್ತಿವೆ. ತಾಯಂದಿರ ಕೈಯ ಬಡಿತಕ್ಕೆ ಬೆಲೆ ಬಂದಿರುವಾಗ, ಪೊಟ್ಟಣ ಕಟ್ಟುವುದು, ಫೋನಿನಲ್ಲಿ ಬೇಡಿಕೆ ಪಡೆಯುವುದು, ಬಸ್ಸಿಗೆ ಹಾಕಿ ಕಳಿಸುವುದು, ರೊಕ್ಕದ ಲೆಕ್ಕ ಇಡುವುದು ಇವು ಓದಿದ ಮಕ್ಕಳ ಪಾಲಿನ ಕೆಲಸ.

ಒಬ್ಬೊಬ್ಬರೇ ಮಾಡಿದರೆ ಇಂಥ ಕೆಲಸ ಕೈಗೆ ಹತ್ತುವುದಿಲ್ಲವೆಂಬುದು ಅನುಭವದ ಮಾತು. ಆದ್ದರಿಂದ ಕೂಡಿ ಮಾಡುವುದಕ್ಕೆ ಕಾನೂನು ಕೊಟ್ಟಿರುವ ರೂಪಗಳನ್ನು ಯುವಜನರು ತಿಳಿದಿರಬೇಕು. ಸಹಕಾರ ಸಂಘಗಳು ಹಳೆಯವು. ಸರ್ಕಾರದ ಹಿಡಿತ ಕಡಿಮೆಯಿರಲೆಂದು 1997ರ ಕಾಯಿದೆಯಡಿ ಬಂದ ಸೌಹಾರ್ದ ಸಹಕಾರಿಗಳು ಅವುಗಳ ತಮ್ಮಂದಿರು. ‘ಉತ್ಪಾದಕರ ಕಂಪನಿ’ ಎಂಬುದು 2003ರಿಂದ ಜಾರಿಗೆ ಬಂದ ರೂಪ: ಹತ್ತು ಮಂದಿ ಉತ್ಪಾದಕರು, ಎಂದರೆ ಬೆಳೆಯುವವರು, ನೇಯುವವರು, ಹೈನು ಮಾಡುವವರು, ಸೇರಿ ಅದನ್ನು ಕಟ್ಟಬಹುದು, ಷೇರು ಎಷ್ಟೇ ಇದ್ದರೂ ಒಬ್ಬರಿಗೆ ಒಂದೇ ಮತ, ಮತ್ತು ಉಳಿದ ಲಾಭವನ್ನು ಷೇರಿನ ಗಾತ್ರಕ್ಕಿಂತ ಯಾರು ಎಷ್ಟು ಮಾಲನ್ನು ಕಂಪನಿಗೆ ಕೊಟ್ಟರೆಂಬುದರ ಮೇಲೆ ಹಂಚಲು ಅವಕಾಶವಿದೆ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ತಂದು, ಅವುಗಳ ಮೊದಲ ವರ್ಷಗಳ ಆಡಳಿತದ ಖರ್ಚಿಗೂ ಷೇರು ಬಂಡವಾಳಕ್ಕೂ ನೆರವು ಕೊಟ್ಟಿತು. ಅದೇ ವರ್ಷ ಬಂದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಘಟಕದ ವೆಚ್ಚದ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಹಾಯಧನವಾಗಿ ಸಿಗುವಂತೆ ಮಾಡಲಾಯಿತು. ಸಹಾಯಧನವೊಂದನ್ನೇ ನೋಡಿ ಹುಟ್ಟಿದ ಸಂಸ್ಥೆ ಸಹಾಯಧನದೊಡನೆಯೇ ಮುಗಿಯುತ್ತದೆ. ಆದರೂ ಹಕ್ಕಿನಿಂದ ಸಿಗುವ ನೆರವನ್ನು ತಿಳಿಯದೆ ಬಿಡುವುದು ಜಾಣತನವಲ್ಲ.

ಕೂಡಿ ಮಾಡುವ ಬುದ್ಧಿ ಹೊರಗಿನಿಂದ ಬರಬೇಕಾಗಿಲ್ಲ ಎಂಬುದಕ್ಕೆ ‘ಮುಯ್ಯಾಳು’ ಎಂಬ ಮಾತೇ ಸಾಕ್ಷಿ. ಇಂದು ಒಬ್ಬನ ಹೊಲಕ್ಕೆ ಹೋಗಿ ದುಡಿದವರ ಹೊಲಕ್ಕೆ ನಾಳೆ ಅವನು ಹೋಗಿ ದುಡಿಯುವ, ದುಡ್ಡಿಲ್ಲದ ಆ ಕೊಡುಕೊಳ್ಳುವಿಕೆ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದಿದೆ. 1984-85ರ ಸುಮಾರಿಗೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ನಡೆಸುತ್ತಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಮಂದಿ ತಾವಾಗಿಯೇ ಚಿಕ್ಕ ಚಿಕ್ಕ ಗುಂಪುಗಳಾಗಿ ಉಳಿತಾಯ ಮತ್ತು ಸಾಲವನ್ನು ನಡೆಸಿಕೊಂಡು ಹೋದದ್ದನ್ನು ಕಂಡೇ ಇಂದಿನ ಸ್ವಸಹಾಯ ಗುಂಪುಗಳ ಬೀಜ ಬಿತ್ತಲಾಯಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಅಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಆರಂಭಿಸಿತು, 2000ದ ನಂತರ ಸ್ತ್ರೀಶಕ್ತಿ ಯೋಜನೆ ಅವನ್ನು ರಾಜ್ಯದ ಹಳ್ಳಿಹಳ್ಳಿಗೆ ಒಯ್ದಿತು. ಆದರೆ ಇದೇ ದಾರಿಯಲ್ಲಿ ಎಡವಿದ್ದೂ ಉಂಟು. ಬಡವರ ಉದ್ಧಾರದ ಹೆಸರು ಹೇಳಿಕೊಂಡು ಬಂದ ಕಿರುಸಾಲದ ವ್ಯವಹಾರ, ಒಂದು ಸಂಸ್ಥೆಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಎತ್ತುವ ಸುಳಿಗೆ ಕುಟುಂಬಗಳನ್ನು ನೂಕಿ, ವಸೂಲಿಯ ಕಿರುಕುಳಕ್ಕೆ ಜನ ಊರು ಬಿಡುವಷ್ಟರ ಮಟ್ಟಿಗೆ ಬೆಳೆದಾಗ, ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಉದ್ಯಮಕ್ಕೆ ಸೇವೆಯೆಂಬ ಹೆಸರಿಟ್ಟ ಮಾತ್ರಕ್ಕೆ ಅದು ಸೇವೆಯಾಗುವುದಿಲ್ಲ. ಕೊಳ್ಳುವವನು ವರ್ಷದ ಕೊನೆಗೆ ಮೊದಲಿಗಿಂತ ಸ್ವಲ್ಪ ಹೆಚ್ಚು ಸ್ವತಂತ್ರನಾಗಿದ್ದಾನೆಯೇ ಎಂದು ಕೇಳಿದರೆ ಉತ್ತರ ಹೊರಬೀಳುತ್ತದೆ.

ದಾನದ ಕಡೆಗೆ ತಿರುಗಿದರೆ, ದೊಡ್ಡ ಶ್ರೀಮಂತನಾದ ಮೇಲೆ ಕೊಡುತ್ತೇನೆಂದು ಕಾಯುವ ಯುವಕರ ಮುಂದೆ ಹರೇಕಳ ಹಾಜಬ್ಬರ ಬದುಕನ್ನು ಇಡಬೇಕು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಅವರಿಗೆ, ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗಲಿಲ್ಲ. ತನಗೆ ದಕ್ಕದ ಅಕ್ಷರ ತನ್ನೂರಿನ ಮಕ್ಕಳಿಗಾದರೂ ದಕ್ಕಲೆಂದು ಹಣ್ಣು ಮಾರಿ ಉಳಿಸಿದ ಕಾಸನ್ನು ಕೂಡಿಸಿ ನ್ಯೂಪಡ್ಪು ಎಂಬಲ್ಲಿ ಶಾಲೆ ಬರುವಂತೆ ಮಾಡಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದದ್ದು ಎಲ್ಲರಿಗೂ ತಿಳಿದಿದೆ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ಅವರು ಕಟ್ಟಲು ಹೊರಟದ್ದು ಸ್ವಂತ ಶಾಲೆಯನ್ನಲ್ಲ, ಸರ್ಕಾರಿ ಶಾಲೆಯನ್ನು. ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು ಮಂಜೂರಾತಿ ತಂದದ್ದರಿಂದ ಮಾಸ್ತರರ ಸಂಬಳದ ಹೊಣೆ ಸರ್ಕಾರದ ಮೇಲೆ ಬಂತು. ಕಿತ್ತಳೆಯ ಬುಟ್ಟಿ ಶಾಲೆಯನ್ನು ಹುಟ್ಟಿಸಬಲ್ಲುದು, ವರ್ಷ ವರ್ಷವೂ ಸಾಕಲಾರದು ಎಂಬುದು ಅಕ್ಷರವಿಲ್ಲದ ಆ ವ್ಯಾಪಾರಿಗೆ ಗೊತ್ತಿತ್ತು. ಇನ್ನೊಂದು ತುದಿಯಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯರಿದ್ದಾರೆ. 1906ರಲ್ಲಿ ತೀರಿಕೊಂಡ ಆ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ಓದಿಗೆ ಮೀಸಲಾಗಿ ಬರೆದಿಟ್ಟದ್ದರಿಂದ ಆ ಜಮೀನಿನ ಉತ್ಪನ್ನದಲ್ಲಿ ತಲೆಮಾರುಗಳ ಮಕ್ಕಳು ಓದಿದರು. ಮೂಲಧನವನ್ನು ಮುಟ್ಟದೆ ಅದರ ಆದಾಯದಿಂದ ಮಾತ್ರ ಕೆಲಸ ನಡೆಸುವ ಇಂಥ ಏರ್ಪಾಡಿಗೆ ‘ದತ್ತಿ’ ಎಂದು ಹೆಸರು. ಕೆರೆಯ ಕೆಳಗಿನ ಕಟ್ಟುಕೊಡಗೆಯ ಗದ್ದೆಯೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ. ಕಿತ್ತಳೆ ಮಾರುವವರೂ ದೇಸಾಯರೂ ಈ ಒಂದು ವಿಷಯದಲ್ಲಿ ಒಂದೇ ಶಾಲೆಯವರು.

ಕಲಬುರಗಿಯ ಶರಣಬಸವೇಶ್ವರರ ಅನ್ನದಾಸೋಹದ ಪರಂಪರೆಯಲ್ಲಿ 1934ರಲ್ಲಿ ದೊಡ್ಡಪ್ಪ ಅಪ್ಪನವರು ವಿದ್ಯಾವರ್ಧಕ ಸಂಘವನ್ನು ಕಟ್ಟಿ, ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಹೆಣ್ಣುಮಕ್ಕಳ ಓದಿಗೂ ಬಾಗಿಲು ತೆರೆದದ್ದು ದಾಸೋಹದ ಅರ್ಥವನ್ನು ಹಿಗ್ಗಿಸಿದ ಘಟನೆ. 2002ರಲ್ಲಿ ಸರ್ಕಾರ ಶಾಲೆಯ ಬಿಸಿಯೂಟವನ್ನು ಮೊದಲು ಆರಂಭಿಸಿದ್ದು ಈ ಸೀಮೆಯೂ ಸೇರಿದ ಹಿಂದುಳಿದ ಜಿಲ್ಲೆಗಳಲ್ಲಿ, ಮತ್ತು ಅದಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರನ್ನೇ ಇಟ್ಟಿತು. ಸುರಪುರದಲ್ಲಿ, ಉದ್ಯಮದ ಗಳಿಕೆಯಿಂದ ನಡೆಯುವ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಗಳ ಶಿಕ್ಷಕರೊಡನೆ ಬಹುಕಾಲ ಕೆಲಸ ಮಾಡಿದೆ. ಒಂದು ಉದ್ಯಮದ ಗಳಿಕೆ ಮಗ್ಗಿ ಕಲಿಯುವ ಹಳ್ಳಿಯ ಮಗುವಿನ ತನಕ ಬಂದು ಮುಟ್ಟಬಲ್ಲುದೆಂಬುದಕ್ಕೆ ಈ ಜಿಲ್ಲೆಯವರು ದೂರ ನೋಡಬೇಕಾಗಿಲ್ಲ.

ಹಾಗಾದರೆ ರಾಮಸಮುದ್ರದಂಥ ಊರಿನಲ್ಲಿ ಹತ್ತು ಮಂದಿ ಯುವಕ ಯುವತಿಯರು ಕೂಡಿದರೆ ಎಲ್ಲಿಂದ ಆರಂಭಿಸಬೇಕು? ಈ ಸೀಮೆಯ ದುಡ್ಡಿಗೆ ಒಂದು ಋತುವಿದೆ. ಮಿರಗದ ಮಳೆಗೆ ಬಿತ್ತಿದ ತೊಗರಿ ಕೈಗೆ ಬರುವುದು ಪುಷ್ಯದ ಚಳಿಯಲ್ಲಿ, ಮತ್ತು ನಡುವಿನ ಆರು ತಿಂಗಳು ಕೈ ಖಾಲಿ, ಅಂಗಡಿಯಲ್ಲಿ ಉದ್ರಿ. ಆದ್ದರಿಂದ ಮೊದಲ ವರ್ಷ ಯಂತ್ರ ಕೊಳ್ಳದೆ, ಕಟ್ಟಡ ಕಟ್ಟದೆ, ಸದಸ್ಯರ ಮನೆಗಳ ಒಂದೊಂದು ಚೀಲ ತೊಗರಿಯನ್ನು ಮಾತ್ರ ಕೂಡಿಸಿ, ಬಾಡಿಗೆಯ ಗಿರಣಿಯಲ್ಲಿ ಬೇಳೆ ಮಾಡಿಸಿ, ಗುಳೆ ಹೋದವರ ಮೂಲಕ ಪರಿಚಯವಾದ ಬೆಂಗಳೂರಿನ ಮನೆಗಳಿಗೂ ಹತ್ತಿರದ ಯಾದಗಿರಿಯ ಮನೆಗಳಿಗೂ ಮಾರಿ ನೋಡುವುದು ಲೇಸು. ಬಂದ ಲಾಭದಲ್ಲಿ ತೊಗರಿ ಕೊಟ್ಟವರ ಪಾಲು, ದುಡಿದವರ ಪಾಲು, ಮುಂದಿನ ವರ್ಷದ ಬಂಡವಾಳ, ಇವುಗಳ ಜೊತೆಗೆ ನಾಲ್ಕನೆಯದಾಗಿ ಊರಿನ ಪಾಲು ಎಂದು ಒಂದು ಅಂಕಣವನ್ನು ಮೊದಲ ದಿನವೇ ಪುಸ್ತಕದಲ್ಲಿ ಗೀಚಿಡಬೇಕು. ಅದರಲ್ಲಿ ಮೊದಲ ವರ್ಷ ನೂರು ರೂಪಾಯಿ ಬಿದ್ದರೂ ಚಿಂತೆಯಿಲ್ಲ, ಅಂಕಣ ಖಾಲಿ ಬಿಡಬಾರದು. ಗುಳೆಗೆ ಹೋದವರ ಮಕ್ಕಳಿಗೆ ಸಂಜೆಯ ಓದಿನ ಮನೆಯ ದೀಪದ ಖರ್ಚೋ, ಶಾಲೆ ಬಿಟ್ಟ ಹುಡುಗಿಯ ಪರೀಕ್ಷೆಯ ಶುಲ್ಕವೋ ಆ ಅಂಕಣದಿಂದ ಹೋಗಬೇಕು, ಮತ್ತು ಅದು ಬೇಳೆ ಮಾರಿದಷ್ಟೂ ಬೆಳೆಯಬೇಕು.

ಆ ಪುಸ್ತಕವನ್ನು ಓದಿ ಹೇಳುವುದಕ್ಕೆ ಈ ಸೀಮೆಯಲ್ಲಿ ಒಂದು ದಿನವೂ ಸಿದ್ಧವಾಗಿದೆ. ಎಳ್ಳಮವಾಸ್ಯೆಯಂದು ಸಜ್ಜೆಯ ಕಡುಬು, ರೊಟ್ಟಿ, ಹತ್ತೆಂಟು ಬಗೆಯ ಕಾಳು ಸೊಪ್ಪು ಕೂಡಿಸಿದ ಭಜ್ಜಿಯನ್ನು ಬುಟ್ಟಿಯಲ್ಲಿ ಹೊತ್ತು ಇಡೀ ಮನೆ ಹೊಲಕ್ಕೆ ಹೋಗುತ್ತದೆ. ಬೆಳೆಯ ನಡುವೆ ನಡೆಯುತ್ತಾ ಮೊದಲ ತುತ್ತುಗಳನ್ನು ನೆಲಕ್ಕೆ ಚೆಲ್ಲುತ್ತಾರೆ, ಅದಕ್ಕೆ ‘ಚರಗ’ ಎಂದು ಹೆಸರು. ತೊಗರಿ ಇನ್ನೂ ಕಣಕ್ಕೆ ಬಂದಿರುವುದಿಲ್ಲ, ಕೈಯಲ್ಲಿ ರೊಕ್ಕವಿರುವುದಿಲ್ಲ, ಆದರೂ ಹೊಲವಿಲ್ಲದ ನೆರೆಯವರನ್ನು ಕರೆದು ಪಂಕ್ತಿಯಲ್ಲಿ ಕೂರಿಸುತ್ತಾರೆ. ಚರಗ ಚೆಲ್ಲಿ ಬಂದು, ಎಲೆ ಹಾಕುವ ಮೊದಲು, ಗುಂಪಿನಲ್ಲಿ ಅಕ್ಷರ ಬಲ್ಲ ಹುಡುಗಿಯೊಬ್ಬಳು ಹೊಲದ ಬದುವಿನ ಮೇಲೆ ನಿಂತು ಹೋದ ವರ್ಷದ ನಾಲ್ಕು ಅಂಕಣಗಳ ಲೆಕ್ಕವನ್ನು, ಓದು ಬಾರದ ಅಜ್ಜಂದಿರಿಗೂ ಕೇಳುವಂತೆ, ಗಟ್ಟಿಯಾಗಿ ಓದಿ ಹೇಳಬಹುದು.